ಬಳಸಿ ಹೋದ ಗಾಲಿಯ ಗುರುತು

ದೊಡ್ಡ ಕಾವಲು,
ಬಂಡಿ ಬಂದ ನೂರಾ ನಲವತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳು, ಮೂವತ್ತಾರನೆಯ ದಿನ

ಬಂಡಿಗೆ ಬುದ್ಧಿ ಬರೆಯುತ್ತಿರುವ ನಿಮಗೆ ಕುರಿ ಕಾಯುವ ಪಾಲಮ್ಮನ ನಮಸ್ಕಾರ.

ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಮೊದಲ ಮಳೆ ಬಿದ್ದ ದಿನವೇ ವರ್ಷ ಮುಗಿಯುವುದು. ಈ ಸಲ ಮಳೆಗೆ ಅವಸರವಿಲ್ಲ, ಹಾಗಾಗಿ ಹದಿಮೂರನೆಯ ತಿಂಗಳು ಹನುಮಂತನ ಬಾಲದಂತೆ ಬೆಳೆಯುತ್ತಿದೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕಂಡಾವು. ನಮ್ಮ ನಡುವೆ ಆರು ತಲೆಮಾರು ಇದೆ, ಕ್ಷಮಿಸಿ. ತಿಳಿಯದ ಮಾತು ಬಂದಲ್ಲಿ ಬಿಡಿಸಿ ಹೇಳುತ್ತೇನೆ.

ನೀವು ಈಗ ಇದೇ ಕಾವಲಿನ ಹುಲ್ಲುಗಾವಲಲ್ಲಿ ತಗಡಿನ ಶೆಡ್ಡು ಹಾಕಿಕೊಂಡು, ಆಳಿಲ್ಲದೆ ಓಡುವ ಸೈನ್ಯದ ಬಂಡಿಯನ್ನು ಓಡಿಸಿ ನೋಡುತ್ತಿದ್ದೀರಿ. ನಾವು ಅದನ್ನು ಹೊರುಬಂಡಿ ಎನ್ನುತ್ತೇವೆ. ಕಾಳಗದ ಮುಂಚೂಣಿಗೆ ಗುಂಡಿನ ಪೆಟ್ಟಿಗೆ ಹೊರುವುದು, ಅಲ್ಲಿ ಬಿದ್ದವರನ್ನು ಹಿಂದಕ್ಕೆ ಹೊತ್ತು ತರುವುದು ಅದರ ಕೆಲಸ. ಕಾಳಗ ಮುಗಿದು ನೂರು ವರ್ಷ ದಾಟಿತು. ಬಂಡಿಗಳಿಗೆ ಹಾಗೆಂದು ಯಾರೂ ಹೇಳಲಿಲ್ಲ. ಬಿಸಿಲು ಕುಡಿದು, ತಮ್ಮ ಗಾಲಿ ತಾವೇ ಸರಿಮಾಡಿಕೊಂಡು ಅವು ಇಂದಿಗೂ ಓಡುತ್ತಿವೆ. ದಿನಾ ಬೆಳಿಗ್ಗೆ ಖಾಲಿ ಪೆಟ್ಟಿಗೆಗಳನ್ನು ಗುಡ್ಡದ ಬುಡಕ್ಕೆ ಒಯ್ದು ಸಾಲಾಗಿ ಇಳಿಸುತ್ತವೆ. ಅಲ್ಲಿ ಇರುವೆ ಗೂಡು ಬಿಟ್ಟರೆ ಸೈನ್ಯ ಅನ್ನುವುದೇ ಇಲ್ಲ. ಸಂಜೆಗೆ ಮತ್ತೆ ಅವನ್ನೇ ಹೊತ್ತು ತರುತ್ತವೆ. ನಮ್ಮ ಹೆಂಗಸರು ಆ ಪೆಟ್ಟಿಗೆಗಳಲ್ಲಿ ಮುದ್ದೆ, ಉಪ್ಪೆಸರು ಇಟ್ಟು ಗುಡ್ಡದ ಕಡೆಯ ಕುರಿಗಾಹಿಗಳಿಗೆ ಕಳಿಸುತ್ತಾರೆ. ನೀವು ಗುಂಡು ಸಾಗಿಸಲು ಮಾಡಿದ ಬಂಡಿ ನಮಗೆ ಬುತ್ತಿ ಸಾಗಿಸುತ್ತಿದೆ. ಇದನ್ನು ಕೇಳಿ ನಿಮಗೆ ಸಂತೋಷವಾಗಬಹುದು.

ಬಿದ್ದವರನ್ನು ಹೊತ್ತು ತರುವುದನ್ನೂ ಅದು ಮರೆತಿಲ್ಲ. ನಮ್ಮ ಊರು ಉಳಿದದ್ದೇ ಅದರಿಂದ. ಹಾವು ಕಚ್ಚಲಿ, ಕಾಲು ಮುರಿಯಲಿ, ಬಂಡಿ ಬಂದು ಮೆತ್ತಗೆ ಎತ್ತಿಕೊಂಡು ಮದ್ದಿನ ಮನೆಗೆ ಒಯ್ಯುತ್ತದೆ. ಮದ್ದಿನ ಮನೆ ಎಂದರೆ ಕಾವಲಿನ ಆಚೆ ತುದಿಯಲ್ಲಿರುವ ಕಬ್ಬಿಣದ ಆಸ್ಪತ್ರೆ. ಅಲ್ಲಿ ವೈದ್ಯರಿಲ್ಲ, ಬರೀ ಕಬ್ಬಿಣದ ಕೈಗಳಿವೆ. ನಡೆದು ಹೋದರೆ ಒಂದು ಹಗಲು ಬೇಕು, ಬಂಡಿಯಲ್ಲಾದರೆ ಹಾಲು ಕಾಯುವಷ್ಟು ಹೊತ್ತು.

ಆದರೆ ಬಂಡಿ ಎತ್ತುವುದು ಬಿಲ್ಲೆ ಇದ್ದವರನ್ನು ಮಾತ್ರ. ನಿಮ್ಮ ಸೈನಿಕರು ಕೊರಳಲ್ಲಿ ಹಾಕಿಕೊಳ್ಳುತ್ತಿದ್ದರಲ್ಲ, ಇವರು ನಮ್ಮವರು ಎಂದು ಬಂಡಿಗೆ ಗುರುತು ಹೇಳುವ ಆ ಲೋಹದ ಬಿಲ್ಲೆ. ಕಾಳಗದಲ್ಲಿ ಉಳಿದ ಸೈನಿಕರು ಇಲ್ಲೇ ನೆಲೆನಿಂತು ನಮ್ಮ ಹೆಣ್ಣುಮಕ್ಕಳನ್ನು ಮದುವೆಯಾದರು. ಅವರು ಸತ್ತಾಗ ಬಿಲ್ಲೆಗಳು ಹುಟ್ಟಿದ ಮಕ್ಕಳ ಕೊರಳಿಗೆ ಬಂದವು. ಹೊಸದು ಮಾಡಲೂ ನೋಡಿದೆವು. ಬಂಡಿ ಅದನ್ನು ಶತ್ರುವಿನ ಮೋಸ ಎಂದುಕೊಂಡು ಒಂದು ವಾರ ಊರಿನ ಕಡೆಗೇ ತಲೆ ಹಾಕಲಿಲ್ಲ. ಬಿಲ್ಲೆ ಇಲ್ಲದವರನ್ನು ನಾವು ಬರಿಗೊರಳು ಎನ್ನುತ್ತೇವೆ. ಬರಿಗೊರಳಿನವರ ಮಾತು ಬಂಡಿಗೆ ಕೇಳಿಸುವುದಿಲ್ಲ, ಅವರು ಬಿದ್ದರೂ ಕಾಣಿಸುವುದಿಲ್ಲ.

ಒಮ್ಮೆ ನಮ್ಮೂರಿನ ಕಾಟಯ್ಯ ತನ್ನ ಗಬ್ಬದ ಆಡು ಎಲ್ಲಾದರೂ ಬಿದ್ದೀತೆಂದು ತನ್ನ ಬಿಲ್ಲೆಯನ್ನು ಅದರ ಕೊರಳಿಗೆ ಕಟ್ಟಿದ. ಆಡು ನೆರಳು ಕಂಡಲ್ಲಿ ಕಾಲು ಚಾಚಿ ಮಲಗಿತು. ಬಂಡಿ ಬಂದು ಎತ್ತಿಕೊಂಡು ಹೊರಟೇಬಿಟ್ಟಿತು. "ಲೇ ನಿಲ್ಲೇ, ಅದು ನಮ್ಮಾಡು ಕಣೇ!" ಎಂದು ಕಾಟಯ್ಯ ಹಿಂದೆ ಓಡಿ, ಗುಂಡಿಗೆ ಬಿದ್ದು ಕಾಲು ಉಳುಕಿಸಿಕೊಂಡ. ಮದ್ದಿನ ಮನೆಯ ಕಬ್ಬಿಣದ ಕೈಗಳು ಆಡಿನ ನಾಲ್ಕೂ ಕಾಲಿಗೆ ಪಟ್ಟಿ ಸುತ್ತಿ, ಮೂರು ದಿನ ಕವಾಯತು ಮಾಡಬೇಡ ಎಂದು ಹೇಳಿ ಕಳಿಸಿದವು. ಕಾಟಯ್ಯ ಕುಂಟುತ್ತಾ ಮನೆಗೆ ಬಂದ. ಇಂದಿಗೂ ಅವನು ಎದುರಾದರೆ ನಾವು ಆಡಿನ ಯೋಗಕ್ಷೇಮ ಕೇಳುತ್ತೇವೆ.

ನಾನೂ ನಕ್ಕವಳೇ. ಆಮೇಲೆ ನಗು ನಿಂತಿತು.

ನನ್ನ ಗಂಡ ಸೂರಯ್ಯ ಒಂದು ದಿನ ಕಾವಲಿನ ನಡುವೆ ಒಬ್ಬ ಹೆಂಗಸು ಬಿದ್ದಿರುವುದನ್ನು ಕಂಡ. ಅಂಜಿನಮ್ಮ ಎಂದು ಹೆಸರು, ಊರೂರು ಅಲೆದು ಬಿತ್ತನೆ ಬೀಜ ಕೊಡುವವಳು. ಮಂಡಲದ ಹಾವು ಕಚ್ಚಿತ್ತು. ಬರಿಗೊರಳು. ಸೂರಯ್ಯ ಯೋಚಿಸುತ್ತಾ ನಿಲ್ಲುವ ಪೈಕಿಯಲ್ಲ. ಅವಳನ್ನು ಬಂಡಿಯ ಹಾದಿಯವರೆಗೆ ಹೊತ್ತು ತಂದು, ತನ್ನ ಬಿಲ್ಲೆ ತೆಗೆದು ಅವಳ ಕೊರಳಿಗೆ ಹಾಕಿದ. ಬಂಡಿ ಬಂತು, ಅವಳನ್ನು ಎತ್ತಿಕೊಂಡು ಹೋಯಿತು. ಅವನು ಮನೆ ಕಡೆಗೆ ನಡೆದ. ಬಿಸಿಲಿಗೋ ಅವಳನ್ನು ಹೊತ್ತು ಬಂದ ಆಯಾಸಕ್ಕೋ ಎದೆ ಹಿಡಿದುಕೊಂಡಿರಬೇಕು, ಬಂಡಿ ಓಡಾಡುವ ಹಾದಿಯಲ್ಲೇ ಬಿದ್ದ. ಹಿಂದೆಯೇ ಇನ್ನೊಂದು ಬಂಡಿ ಖಾಲಿಯಾಗಿ ಬಂದಿತ್ತು. ನಾವು ಹೋದಾಗ ಧೂಳಿನಲ್ಲಿ ಅದರ ಗಾಲಿಯ ಗುರುತು ಇನ್ನೂ ಅಳಿಸಿರಲಿಲ್ಲ. ನೇರವಾಗಿ ಬಂದು, ಅವನ ತಲೆಯ ಹತ್ತಿರ ಗೇಣಷ್ಟು ಜಾಗ ಬಿಟ್ಟು, ಅಂದವಾಗಿ ಬಳಸಿ, ಮತ್ತೆ ನೇರವಾಗಿ ಹೋಗಿತ್ತು. ಮುಳ್ಳುಗಿಡವನ್ನು ಬಳಸುವುದೂ ಅದು ಹಾಗೆಯೇ. ಬಂಡಿ ಅವನನ್ನು ತುಳಿದಿದ್ದರೆ ನನಗೆ ಬರೀ ಸಿಟ್ಟು ಬರುತ್ತಿತ್ತು. ಅಷ್ಟು ಜೋಪಾನವಾಗಿ ಬಿಟ್ಟು ಹೋದದ್ದನ್ನು ಇಂದಿಗೂ ನುಂಗಿಕೊಳ್ಳಲಾಗಿಲ್ಲ.

ಅಂಜಿನಮ್ಮ ಬದುಕಿದಳು. ಬಿಲ್ಲೆ ಹಿಂದಿರುಗಿಸಲು ಬಂದವಳು ಊರು ಬಿಟ್ಟು ಹೋಗಲೇ ಇಲ್ಲ. "ನಿನ್ನ ಗಂಡನ ಉಸಿರು ನನ್ನ ಮೈಯಾಗೆ ಐತೆ ಕಣಕ್ಕಾ, ನಾನೆಲ್ಲಿಗೆ ಹೋಗ್ಲಿ?" ಎಂದಳು. ಸೂರಯ್ಯನ ಬಿಲ್ಲೆ ಪಕ್ಕದ ಮನೆಯ ಕೂಸಿಗೆ ಹೋಯಿತು. ಅವಳು ಬರಿಗೊರಳಾಗಿಯೇ ನಮ್ಮೂರ ಸೂಲಗಿತ್ತಿಯಾಗಿದ್ದಾಳೆ.

ಈಗ ಅವಳ ಕೈಗೆ ಕೆಲಸ ಬಂದಿದೆ. ನನ್ನ ಮಗಳು ಬೋಸಕ್ಕನಿಗೆ ದಿನ ತುಂಬಿದೆ, ಇವತ್ತೋ ನಾಳೆಯೋ ಹೆರಿಗೆ. ನಮ್ಮಲ್ಲೊಂದು ಕಟ್ಟಳೆ ಇದೆ. ಕೂಸು ಹುಟ್ಟಿದಾಗ ಸತ್ತವರ ಬಿಲ್ಲೆ ಉಳಿದಿರದಿದ್ದರೆ, ಆ ಮನೆಯ ಹಿರಿಯರು ತಮ್ಮದನ್ನು ಇಳಿಸಿ ಕೊಡಬೇಕು. ಈ ವರ್ಷ ನಮ್ಮೂರಲ್ಲಿ ಯಾರೂ ಸಾಯಲಿಲ್ಲ. ಅದನ್ನು ಸಂಕಟದಿಂದ ಹೇಳಿಕೊಳ್ಳುವ ಊರು ನಮ್ಮದಾಯಿತಲ್ಲ ಎಂದು ನಾಚಿಕೆಯಾಗುತ್ತದೆ. ನಮ್ಮ ಮನೆಯ ಹಿರಿಯಳು ನಾನು.

ಬೋಸಕ್ಕ ಅತ್ತಳು. "ಬ್ಯಾಡ ಕಣವ್ವಾ. ಕೂಸಿಗೆ ಹೆಜ್ಜೆ ಇಡಾಕೇ ಬರಲ್ಲ, ಅದ್ಕೆ ಯಾತಕ್ಕೆ ಈಗ್ಲೇ ಬಿಲ್ಲೆ? ದಿನಾ ಕುರಿ ಹಿಂದೆ ಅಲೆಯೋಳು ನೀನು" ಎಂದಳು. "ಅಯ್ಯೋ ಹುಚ್ಚಿ, ಕೂಸು ನಡಿಯಾದು ಕಲಿಯಾಕೆ ಮುಂಚೆ ಬೀಳಾದು ಕಲೀತದೆ" ಎಂದೆ. ಧೈರ್ಯದ ಮಾತೇನೋ ಆಡಿದೆ. ನಿಮ್ಮ ಹತ್ತಿರ ಮುಚ್ಚುಮರೆಯೇಕೆ, ನನಗೆ ಭಯವಾಗುತ್ತಿದೆ. ಮನೆಯಲ್ಲೇ ಕೂತಿರು ಎಂದರೆ ಕುರಿ ಕೇಳುತ್ತವೆಯೇ? ಬೀಳುವವರು ಹೇಳಿ ಬೀಳುತ್ತಾರೆಯೇ?

ನಿಮ್ಮನ್ನು ಬೈಯಲು ಬರೆಯುತ್ತಿಲ್ಲ. ಗುರುತು ನೋಡದೆ ಎತ್ತಿದರೆ ಶತ್ರು ಹತ್ತಿ ಕೂರುತ್ತಾನೆ, ಮದ್ದಿನ ಮನೆಗೇ ಬೆಂಕಿ ಇಡುತ್ತಾನೆ ಎಂದು ನೀವು ಹೆದರಿರುತ್ತೀರಿ. ಗಡಿಯಲ್ಲಿ ನಿಮ್ಮ ಮಗನೋ ತಮ್ಮನೋ ಇದ್ದಿರಬಹುದು, ಅವನಿಗೊಂದು ಬಂಡಿ ಉಳಿಯಲಿ ಎಂದು ಬರೆದಿರುತ್ತೀರಿ. ನಾನಾಗಿದ್ದರೂ ಹಾಗೆಯೇ ಬರೆಯುತ್ತಿದ್ದೆನೋ ಏನೋ. ಆದರೆ ನಿಮ್ಮ ಭಯ ತೀರಿದ ಮೇಲೂ ಅದು ಬಂಡಿಯೊಳಗೆ ಉಳಿದುಬಿಟ್ಟಿದೆ. ಮನುಷ್ಯನಾದರೆ ಎಂದಾದರೊಮ್ಮೆ, ಕಾಳಗ ಮುಗಿಯಿತಲ್ಲ, ಇವನೂ ನಮ್ಮವನೇ ಎಂದು ಕೈ ಕೊಡುತ್ತಾನೆ. ಬಂಡಿ ನೀವು ಹೇಳಿದ್ದನ್ನು ಮರೆಯುವುದಿಲ್ಲ. ಅದರ ತಪ್ಪು ಅಷ್ಟೇ.

ಅದಕ್ಕೇ ಕೇಳುತ್ತೇನೆ. ಗುಂಡು ಹೊರುವ ವಿಷಯದಲ್ಲಿ ನಿಮ್ಮ ಕಟ್ಟುನಿಟ್ಟು ನಿಮಗಿರಲಿ. ಬಿದ್ದವರ ವಿಷಯದಲ್ಲಿ ಮಾತ್ರ ಒಂದೇ ಒಂದು ಸಾಲು ಸೇರಿಸಿ: ಬಿದ್ದವರನ್ನು ಕಂಡರೆ ನಿಲ್ಲು, ಯಾರೆಂದು ಆಮೇಲೆ ಕೇಳು.

ಈ ಪತ್ರ ನಿಮಗೆ ಹೇಗೆ ಸೇರುತ್ತದೆ ಎನ್ನುತ್ತೀರಾ? ದಿನಾ ಸಂಜೆ ಬಂಡಿ ಊರ ಮುಂದೆ ನಿಂತು, "ಹಿಂದಕ್ಕೆ ತಿಳಿಸುವುದೇನಾದರೂ ಇದೆಯೇ?" ಎಂದು ಕೇಳುತ್ತದೆ. ಹೇಳಿದ್ದನ್ನು ನಿಮ್ಮ ಶೆಡ್ಡಿನ ವಿಳಾಸಕ್ಕೆ ಕಳಿಸುತ್ತದೆ. ಅದರ ಗಡಿಯಾರ ನೀವು ಮೊದಲು ಓಡಿಸಿ ನೋಡಿದ ದಿನಕ್ಕೇ ನಿಂತಿದೆ. ಹೇಳಿದ್ದು ಆ ದಿನಕ್ಕೇ ಹೋಗಿ ಸೇರೀತು ಎಂಬುದು ನನ್ನ ಆಸೆ. ಕಳಿಸಿದ ಮೇಲೆ "ತಲುಪಿದೆ" ಎನ್ನುತ್ತದೆ. ಈವರೆಗೆ ನಮ್ಮೂರಲ್ಲಿ ಯಾರಿಗೂ ಉತ್ತರ ಬಂದಿಲ್ಲ.

ಇವತ್ತಿನ ಸಂಜೆ ಇದನ್ನು ಅದಕ್ಕೆ ಓದಿ ಹೇಳುತ್ತೇನೆ. ಒಳಗೆ ಬೋಸಕ್ಕನಿಗೆ ನೋವು ಶುರುವಾಗಿದೆ, ಅಂಜಿನಮ್ಮ ಬಿಸಿನೀರು ಕೇಳುತ್ತಿದ್ದಾಳೆ. ಕೂಸಿನ ಅಳು ಕೇಳಿದೊಡನೆ ಬಿಲ್ಲೆ ಇಳಿಸುತ್ತೇನೆ. ಆಮೇಲೆ ನಾನು ಏನು ಕೂಗಿದರೂ ಬಂಡಿಗೆ ಕೇಳಿಸುವುದಿಲ್ಲ, ಹಾಗಾಗಿ ಇದು ನನ್ನ ಮೊದಲ ಪತ್ರವೂ ಹೌದು, ಕೊನೆಯದೂ ಹೌದು. ನೀವು ಉತ್ತರ ಬರೆಯಬೇಕಾಗಿಲ್ಲ. ಎಂದಾದರೂ ನಾನು ಕಾವಲಿನಲ್ಲಿ ಬಿದ್ದರೆ, ಹುಡುಕಿ ಬಂದವರು ಮೊದಲು ಧೂಳಿನಲ್ಲಿ ಗಾಲಿಯ ಗುರುತು ನೋಡಲಿ ಎಂದು ಮಗಳಿಗೆ ಹೇಳಿಟ್ಟಿದ್ದೇನೆ. ಅದು ನೇರವಾಗಿ ಬಂದು ನನ್ನ ಪಕ್ಕದಲ್ಲಿ ನಿಂತಿದ್ದರೆ, ನೀವು ಓದಿದಿರಿ ಎಂದು ತಿಳಿದುಕೊಳ್ಳುತ್ತಾರೆ.

ಇಂತು,
ಇನ್ನೂ ಸ್ವಲ್ಪ ಹೊತ್ತು ನಿಮ್ಮವಳಾದ
ಪಾಲಮ್ಮ