ಅರ್ಚನಳ ಮಾತಿಗೆ ಬಿದ್ದ ಎಲೆಗಳು

ಶ್ರೀರಂಗಪಟ್ಟಣ
೧೪-೨-೧೯೯೬

ಚಿ. ಸೌ. ಅರ್ಚನಳಿಗೆ ಅಮ್ಮನ ಆಶೀರ್ವಾದ. ನಾವೆಲ್ಲ ಕ್ಷೇಮ. ಕೆ.ಆರ್. ಪೇಟೆಯಲ್ಲಿ ನೀನೂ ಕ್ಷೇಮವೆಂದೇ ನಾನು ತೀರ್ಮಾನಿಸಿದ್ದೇನೆ.

ನಿನ್ನ ಕಾಗದ ಬಂತು. ಓದಿ ಎದೆ ಧಸಕ್ಕೆಂದಿತು, ಸುಳ್ಳು ಹೇಳುವುದಿಲ್ಲ. ಸದ್ಯ, ಮೈಸೂರಿಗೆ ಮೇಷ್ಟ್ರುಗಳ ತರಬೇತಿಗೆ ಹೋಗಿದ್ದ ನಿಮ್ಮಪ್ಪ ಅಲ್ಲಿಂದ ಒಂದು ಎಲೆಯಾಟ ತಂದಿದ್ದರು. ಇಸ್ಪೀಟಲ್ಲ ಕಣೆ, ಬುದ್ಧಿ ಕಲಿಸುವ ಆಟ. ಒಂದೊಂದು ಎಲೆಯ ಮೇಲೂ ಒಂದೊಂದು ವಕ್ರ ಯೋಚನೆಯ ಹೆಸರು. ಒಬ್ಬರು ತಮ್ಮ ಸಂಕಟ ಹೇಳಬೇಕು, ಉಳಿದವರು ಅದಕ್ಕೆ ತಕ್ಕ ಎಲೆ ಹಾಕಬೇಕು. ನಾನು, ನಿಮ್ಮಪ್ಪ, ನಿನ್ನ ತಂಗಿ ಮೂವರೂ ಕೂತು ನಿನ್ನ ಕಾಗದವನ್ನೇ ಆಡಿದೆವು.

‘ಅತ್ತೆಗೆ ನನ್ನ ಮುಖ ಕಂಡರಾಗದು’ ಎಂದಿದ್ದೀಯೆ. ಅದಕ್ಕೆ ‘ಪರರ ಮನಸ್ಸು ಓದುವುದು’ ಬಿತ್ತು. ‘ಇವರು ದಿನಾ ಹೊಡೀತಾರೆ’ ಅಂತೆ. ದಿನಾ ಅಂದರೆ ದಿನಾನಾ? ‘ಒಂದನ್ನು ನೂರು ಮಾಡುವುದು’. ‘ಮೊನ್ನೆ ಸೀಮೆಎಣ್ಣೆ ಡಬ್ಬ ತಂದಿಟ್ಟು ನನ್ನೇ ನೋಡ್ತಾ ನಿಂತಿದ್ರು, ಅಮ್ಮಾ, ಬಂದು ಕರ್ಕೊಂಡು ಹೋಗು’ ಎಂಬಲ್ಲಿ ನಿಮ್ಮಪ್ಪ ಹಾಕಹೊರಟ ಎಲೆಯನ್ನು ಮತ್ತೆ ಕಟ್ಟಿಗೇ ಸೇರಿಸಿಬಿಟ್ಟರು. ನಾನೇ ‘ಕೇಡನ್ನೇ ಕಾಣುವುದು’ ಹಾಕಿದೆ. ಸೀಮೆಎಣ್ಣೆ ಯಾರ ಮನೆಯಲ್ಲಿಲ್ಲ? ನಿನ್ನ ತಂಗಿ ಪದ್ಮಜ ಮಾತ್ರ ‘ಅಕ್ಕ ಸುಳ್ಳು ಬರೆಯೋಳಲ್ಲಮ್ಮ’ ಅಂತ ಕೈಲಿದ್ದ ಎಲೆಗಳನ್ನೆಲ್ಲ ಎಸೆದು ಎದ್ದುಹೋದಳು. ಅವಳಿಗೂ ನಿನ್ನ ಗಾಳಿಯೇ ಬಡಿದಿದೆ.

ಬಿಡಿಸಿ ಹೇಳುತ್ತೇನೆ, ಕೇಳು. ಅವಳನ್ನು ನಾಗಮಂಗಲದವರು ಒಪ್ಪಿದ್ದಾರೆ. ಲಗ್ನಪತ್ರಿಕೆ ಬರೆಸುವುದೊಂದು ಬಾಕಿ. ಈಗ ನೀನು ಪೆಟ್ಟಿಗೆ ಹಿಡಿದು ಇಲ್ಲಿ ಬಸ್ಸಿಳಿದರೆ ಬೀದಿಯೆಲ್ಲ ಬಾಯಿ ತೆರೆಯುತ್ತದೆ, ಬಂದ ಸಂಬಂಧ ಹಾಗೇ ಹಿಂದಿರುಗುತ್ತದೆ. ನನ್ನ ಈ ಯೋಚನೆಗೆ ಯಾವ ಎಲೆಯೂ ಹಾಕುವ ಹಾಗಿಲ್ಲ, ಇದು ನಿಜ. ಆದ್ದರಿಂದ ಅವಳ ಧಾರೆ ಆಗುವವರೆಗೆ ಈ ಕಡೆ ತಲೆ ಹಾಕಬೇಡ. ತಾಳಿದವನು ಬಾಳಿಯಾನು ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೆಯೇ? ಬರುವ ಶನಿವಾರ ಕರಿಘಟ್ಟ ಹತ್ತಿ ನಿನ್ನ ಹೆಸರಿನಲ್ಲಿ ಪೂಜೆ ಮಾಡಿಸುತ್ತೇನೆ.

ಇಂತಿ ನಿನ್ನ ಹಿತವನ್ನೇ ಬಯಸುವ ಅಮ್ಮ,
ರುಕ್ಮಿಣಮ್ಮ

ಹೇಳುವುದೇ ಮರೆತೆ: ಬೆಳಿಗ್ಗೆ ಅಳಿಯಂದಿರು ಬಂದರು. ಹೊಳೆಯಲ್ಲಿ ಸ್ನಾನ ಮಾಡಿ ಬಂದು, ಹುಳಿ ಚೆನ್ನಾಗಿದೆ ಅಂತ ಮತ್ತೆ ಬಡಿಸಿಕೊಂಡರು. ಎಷ್ಟು ನಯ, ಎಷ್ಟು ವಿನಯ! ಈಗಲೇ ಹೊರಡುತ್ತಾರಂತೆ. ಅದಕ್ಕೇ ಈ ಕಾಗದವನ್ನು ಅಂಚೆಗೆ ಹಾಕದೆ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸಿಲ್ಲ. ಅಳಿಯನ ಕೈಗೆ ಕೊಡುವ ಕಾಗದವನ್ನು ಅಂಟಿಸಿ ಕೊಟ್ಟರೆ ನಂಬಿಕೆಯಿಲ್ಲವೆಂದು ನೊಂದುಕೊಳ್ಳುತ್ತಾರೆ.