ನನ್ನ ಅಕ್ಕನ ಮಗಳ ಬಾಯಿಗೆ ಕೆಂಪು ವೃತ್ತ ಹಾಕಿದವರಿಗೆ

ಸುದ್ದಿ ವಾಹಿನಿಯ ಮಾನ್ಯ ಪ್ರಧಾನ ಸಂಪಾದಕರೇ,

ನನ್ನ ಅಕ್ಕನ ಮಗಳು ಆಕಳಿಸಿದ್ದು ನಿಜ. ಆ ಕಾರಣಕ್ಕೆ ಅವಳೀಗ ಕೆಲಸವಿಲ್ಲದೆ ಮನೆಯಲ್ಲಿ ಕೂತಿರುವುದೂ ನಿಜ. ಮೊದಲನೆಯದಕ್ಕೆ ಹೊಣೆ ಮಂತ್ರಿಗಳ ಭಾಷಣ. ಎರಡನೆಯದಕ್ಕೆ ಹೊಣೆ ನೀವು. ನಾನು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವನು. ಆದರೆ ಆ ಶಾಲೆಯಲ್ಲಿ ನನ್ನಷ್ಟು ಚೆನ್ನಾಗಿ ಪತ್ರ ಬರೆಯುವವರು ಯಾರೂ ಇರಲಿಲ್ಲ, ಮೇಷ್ಟ್ರನ್ನೂ ಸೇರಿಸಿ.

ಹುಡುಗಿ ಪುರಭವನದಲ್ಲಿ ಮೈಕು ನೋಡಿಕೊಳ್ಳುವವಳು. ಮೈಕು ಕೀಂ ಎಂದರೆ ತಕ್ಷಣ ಗುಂಡಿ ತಿರುಗಿಸಬೇಕು, ಹಾಗಾಗಿ ವೇದಿಕೆಯ ಪಕ್ಕದಲ್ಲೇ ನಿಲ್ಲಬೇಕು. ಮಂತ್ರಿಗಳು ತಮ್ಮ ಸಾಧನೆಗಳನ್ನು ಹೇಳುತ್ತ ಹೇಳುತ್ತ ಬಾಲ್ಯಕ್ಕೆ ಬಂದಾಗ ಇವಳು ಬಾಯಿ ತೆರೆದಳು. ನಿಮ್ಮ ಕ್ಯಾಮೆರಾ ಮಂತ್ರಿಗಳನ್ನು ಬಿಟ್ಟು ಆ ಬಾಯಿಯನ್ನು ಹಿಡಿಯಿತು. ಅಂದರೆ ಕ್ಯಾಮೆರಾಕ್ಕೂ ಭಾಷಣ ಸಾಕಾಗಿತ್ತು. ಅದರ ಮೇಲೆ ಯಾಕೆ ಕ್ರಮವಿಲ್ಲ?

ಸಂಜೆಯಿಂದ ಶುರುವಾಯಿತು. ಬಾಯಿಗೆ ಕೆಂಪು ವೃತ್ತ, ವೃತ್ತಕ್ಕೊಂದು ಬಾಣ, ಬಾಣಕ್ಕೊಂದು ಡಂ ಎನ್ನುವ ಸದ್ದು. "ಆಕಳಿಕೆಯ ಹಿಂದೆ ಯಾರಿದ್ದಾರೆ?" ಎಂದು ಚರ್ಚೆ. ಸ್ವಾಮಿ, ಆಕಳಿಕೆಯ ಹಿಂದೆ ನಾಲಿಗೆ ಇದೆ, ಕಿರುನಾಲಿಗೆ ಇದೆ; ಇನ್ಯಾರಿರಲು ಜಾಗವೆಲ್ಲಿದೆ? ದಂತವೈದ್ಯರನ್ನು ಕೂರಿಸಿ ಅವಳ ಹುಳುಕು ಹಲ್ಲನ್ನು ಊರಿಗೆಲ್ಲ ತೋರಿಸಿದಿರಿ. ಒಬ್ಬ ನಿವೃತ್ತ ಸೇನಾಧಿಕಾರಿ, ಗಡಿಯಲ್ಲಿ ಯಾರೂ ಹೀಗೆ ಆಕಳಿಸುವುದಿಲ್ಲ ಎಂದು ಗುಡುಗಿದರು. ಅಲ್ಲಿ ಭಾಷಣ ಇರುವುದಿಲ್ಲವಲ್ಲ!

ಮರುದಿನವೇ ಪುರಸಭೆಯವರು ಅವಳಿಗೆ ಕೆಲಸಕ್ಕೆ ಬರಬೇಡ ಎಂದರು. ನಾನು ಪುರಸಭೆಯ ಅಧ್ಯಕ್ಷರ ಬಳಿ ಹೋದೆ. "ಹುಡುಗಿ ಒಳ್ಳೇವಳೇ ಕಣ್ರೀ, ನಂಗೇನೂ ಕೋಪ ಇಲ್ಲ. ಟಿವಿಯೋರು ಬಿಟ್ರೆ ನಾನೂ ಬಿಡ್ತೀನಿ," ಎಂದರು. ಸರಿ, ಟಿವಿಯವರ ಬಳಿಗೇ ಬಂದೆ. ನಿಮ್ಮವರು ನನ್ನ ಮುಖಕ್ಕೆ ಪೌಡರು ಬಳಿದು ಚರ್ಚೆಗೇ ಕೂರಿಸಿದರು. ನಾನು ಬಿಡುತ್ತೇನೆಯೇ?

"ಆಕಳಿಕೆ ಅಂಟುಜಾಡ್ಯ ಕಣಮ್ಮಾ, ಯಾರ ಕೈಲೂ ತಡ್ಯೋಕಾಗಲ್ಲ. ಬೇಕಾದ್ರೆ ನೋಡು," ಎಂದು ನಿರೂಪಕಿಯ ಮುಂದೆ ದವಡೆ ಕಳಚುವಂತೆ ಒಮ್ಮೆ ಆಕಳಿಸಿದೆ. ನಮ್ಮ ಮನೆತನದಲ್ಲೇ ಅಂಥ ಆಕಳಿಕೆ ಇನ್ನೊಂದಿಲ್ಲ. ನಿರೂಪಕಿ ಪ್ರಶ್ನೆಯ ನಡುವೆಯೇ ಬಾಯಿ ತೆರೆದರು. ದಂತವೈದ್ಯರು ತೆರೆದರು. ಸೇನಾಧಿಕಾರಿ ತಡೆದೂ ತಡೆದೂ ಕಣ್ಣಲ್ಲಿ ನೀರು ತಂದುಕೊಂಡರು. ಕ್ಯಾಮೆರಾದವನೂ ಆಕಳಿಸಿರಬೇಕು, ಮನೆಯಲ್ಲಿ ನೋಡುತ್ತಿದ್ದವರಿಗೆ ಬರೀ ಛಾವಣಿ ಕಂಡಿತಂತೆ. ಗಡಿಬಿಡಿಯಲ್ಲಿ ಜಾಹೀರಾತು ಹಾಕಿದಿರಿ. ಮರುಪ್ರಸಾರದಲ್ಲಿ ಉಳಿದದ್ದು ನನ್ನ ಬಾಯಿ ಮಾತ್ರ, ಕೆಳಗೆ "ಇಡೀ ಕುಟುಂಬದ ಪಿತೂರಿ!" ಮಾರನೆಯ ದಿನವೇ ಅವಳಿಗೆ ಪುರಸಭೆಯಿಂದ ವಿಚಾರಣೆಯ ನೋಟಿಸು ಬಂತು.

ನೀವು ಕತ್ತರಿಸಿದ ತುಣುಕನ್ನು ಪಕ್ಕದ ಮನೆಯವರು ನೇರಪ್ರಸಾರದಲ್ಲೇ ಫೋನಿನಲ್ಲಿ ಹಿಡಿದಿಟ್ಟಿದ್ದಾರೆ. ನಿರೂಪಕಿಯ ಬಾಯಿಗೂ ಕೆಂಪು ವೃತ್ತ ಹಾಕಿಸಿ ಹಂಚಲು ನಾನು ತುದಿಗಾಲಲ್ಲಿ ನಿಂತಿದ್ದೆ. ತಡೆದವಳು ಹುಡುಗಿಯೇ.

"ಬೇಡ ಮಾವ. ಅವ್ರ ಹಲ್ಲು ನೋಡಿ ನಂಗೇನಾಗ್ಬೇಕು?"

"ಸೇಡು ಕಣೇ, ಸೇಡು!"

"ನಂಗೆ ಕೆಲಸ ಬೇಕು. ನಿನ್ ಕಾಲಿಗೆ ಬೀಳ್ತೀನಿ, ಇನ್ನೊಂದ್ಸಲ ಸಹಾಯ ಮಾಡ್ಬೇಡ."

ಹಾಗಾಗಿ ಬರೀ ಈ ಪತ್ರ. ಸೋಮವಾರ ವಿಚಾರಣೆ. ಅದಕ್ಕೆ ಮುಂಚೆ, ಅಷ್ಟೇ ದಪ್ಪ ಅಕ್ಷರದಲ್ಲಿ, ಅಷ್ಟೇ ಸಲ ಹೇಳಿ: ಈ ಹುಡುಗಿ ತಪ್ಪು ಮಾಡಿಲ್ಲ, ಮಾಡಿದ್ದು ನಾವು. ಕ್ಷಮೆ ಕೇಳುವುದು ನಿಮಗೆ ಅಭ್ಯಾಸವಿಲ್ಲದಿದ್ದರೆ ನಾನೇ ಬರೆದುಕೊಡುತ್ತೇನೆ.

ಮೊನ್ನೆ ಅವಳಿಗೊಂದು ಜೋಕು ಹೇಳಿದೆ. ನನ್ನ ಜೋಕಿಗೆ ನಗದವರು ಇನ್ನೂ ಹುಟ್ಟಿಲ್ಲ. ಅವಳೂ ನಕ್ಕಳು, ಆದರೆ ಗೋಡೆಯ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು. ಎಷ್ಟು ಕರೆದರೂ ಈ ಕಡೆ ತಿರುಗಲಿಲ್ಲ. ನನ್ನಿಂದಾಗದ ಕೆಲಸವೂ ಒಂದಿದೆ ಎಂದು ಜೀವನದಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಅದನ್ನು ನೀವೇ ಮಾಡಿಕೊಡಬೇಕು.

ಇಂತಿ,
ತಮ್ಮ ವಾಹಿನಿಯ ಕೃಪೆಯಿಂದ ಬಸ್ಸಿನಲ್ಲಿ ಎರಡು ಸೀಟೂ ಒಬ್ಬನೇ ಅನುಭವಿಸುತ್ತಿರುವ,
ಹುಡುಗಿಯ ಸೋದರಮಾವ