ಎದುರು ಕುರ್ಚಿ

ಸಯನ್, ಸೋಮವಾರ

ಚಿಂತನ ಬಳಗದ ಅಧ್ಯಕ್ಷ ಧನರಾಜ್ ಅವರಿಗೆ,

ಪ್ರತಿ ಉಪನ್ಯಾಸದ ನಂತರ ಒಬ್ಬರು ಎದುರು ಕುರ್ಚಿಯಲ್ಲಿ ಕೂತು ಅದನ್ನು ಖಂಡಿಸಬೇಕು ಎಂಬುದು ನಮ್ಮ ಬಳಗದಲ್ಲಿ ಮೊದಲಿನಿಂದ ಬಂದ ಪದ್ಧತಿ. ಶನಿವಾರ ನೀವು ಗುರುವೆಂದು ನಂಬಿದ ತತ್ವಜ್ಞಾನಿಯ ಬಗ್ಗೆ ನೀವೇ ಉಪನ್ಯಾಸ ಕೊಟ್ಟಿರಿ; ಆ ಕುರ್ಚಿಯನ್ನೇ ತೆಗೆಸಿ, ಅಲ್ಲಿ ಅವರ ಪಟವಿಟ್ಟು ಹಾರ ಹಾಕಿದಿರಿ.

ಅಂದು ಅಲ್ಲಿ ಕೂರಬೇಕಿದ್ದ ಕಾಲೇಜು ಹುಡುಗಿ ನಿಶಾ ನಿಂತುಕೊಂಡೇ ಕೇಳಿದಳು: "ಅಂಕಲ್, ಒಬ್ಬರೇ ಹೇಳಿದ್ದು ಪೂರಾ ಕರೆಕ್ಟ್ ಹೇಗೆ?"

"ಮೊದಲು ಸರಿಯಾಗಿ ಕನ್ನಡ ಕಲಿ ಮಾರಾಯ್ತಿ, ಗುರುಗಳ ತಪ್ಪು ಮತ್ತೆ ಹುಡುಕುವಿಯಂತೆ" ಎಂದಿರಿ. ಸಭೆಯೆಲ್ಲ ನಕ್ಕಿತು. ಚೆಂಬೂರಿನ ಬಸ್ಸು ಹತ್ತಿ ಹೋದ ಹುಡುಗಿ, ಇನ್ನು ಬರುವುದಿಲ್ಲವೆಂದು ನನಗೆ ಫೋನು ಮಾಡಿದ್ದಾಳೆ.

ನನಗೆ ಮರೆವು ಬಂದಿಲ್ಲ. ನಾವು ಬೈಕುಲ್ಲಾದ ಹೋಟೆಲಿನ ಮಾಳಿಗೆಯಲ್ಲಿ ಸೇರುತ್ತಿದ್ದಾಗ ನಿಮಗೂ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ. ಒಮ್ಮೆ ಎದುರು ಕುರ್ಚಿಯಲ್ಲಿ ಕೂತು ಅರ್ಧ ತುಳು, ಅರ್ಧ ಕನ್ನಡದಲ್ಲಿ ತೊದಲುತ್ತಲೇ ನನ್ನ ಉಪನ್ಯಾಸವನ್ನು ಚಿಂದಿ ಮಾಡಿದಿರಿ. ಒಬ್ಬರೂ ನಗಲಿಲ್ಲ. ನಾನಂತೂ ಚಪ್ಪಾಳೆ ತಟ್ಟಿದೆ. ಅದೇ ಬಾಯಿಂದ ಶನಿವಾರದ ಮಾತು ಕೇಳಿದ ಮೇಲೆ ಆ ಚಪ್ಪಾಳೆಗೆ ಈಗ ನಾಚಿಕೆಯಾಗುತ್ತದೆ.

ಮುಂದಿನ ಶನಿವಾರ ಕುರ್ಚಿ ತನ್ನ ಜಾಗದಲ್ಲಿರಲಿ. ನೀವೇ ಚೆಂಬೂರಿನ ನಿಶಾಳ ಮನೆಗೆ ಹೋಗಿ ಕ್ಷಮೆ ಕೇಳಿ, ಅವಳನ್ನು ಕರೆತನ್ನಿ. ಕ್ಷಮೆ ಕೇಳುವಾಗ ದಯವಿಟ್ಟು ಗುರುಗಳ ಸಾಲುಗಳನ್ನು ಒಪ್ಪಿಸಬೇಡಿ. ಒಂದು ವಾಕ್ಯವಾದರೂ ನಿಮ್ಮದಾಗಿರಲಿ.

ಇನ್ನೂ ಬಳಗದ ಸದಸ್ಯಳಾಗಿರುವ,
ರಾಜೀವಿ